ಹಾರುವ ತಟ್ಟೆಗೆ ದೆವ್ವದ ಜಾಮೀನು

ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ 2008ರಲ್ಲಿ ಒಂದು ಟೆಂಡರ್ ಕರೆಯಿತು. ಇನ್ನು ನಲವತ್ತು ವರ್ಷಗಳಲ್ಲಿ ವೈಮಾನಿಕ ತಂತ್ರಜ್ಞಾನ ಎಲ್ಲಿಗೆ ಮುಟ್ಟೀತು ಎಂದು ಅಧ್ಯಯನ ಮಾಡಿಕೊಡಬೇಕೆಂಬುದು ಅದರ ಒಕ್ಕಣೆ; ಹಾರುವ ತಟ್ಟೆಯ ಮಾತೇ ಅದರಲ್ಲಿರಲಿಲ್ಲ. ಬಿಡ್ ಹಾಕಿದ್ದು ಒಂದೇ ಕಂಪನಿ, ನೆವಾಡದ ಉದ್ಯಮಿ ರಾಬರ್ಟ್ ಬಿಗೆಲೋ ಅವರದು. ಯೋಜನೆಗೆ ಹಣ ಕೊಡಿಸಿದವರು ಅದೇ ನೆವಾಡದ ಸೆನೆಟರ್ ಹ್ಯಾರಿ ರೀಡ್. ಮೊತ್ತ 2.2 ಕೋಟಿ ಡಾಲರ್. ಇಷ್ಟರಲ್ಲಿ ನಮ್ಮ ಯಾವ ಜಿಲ್ಲಾ ಪಂಚಾಯಿತಿಯ ಗುತ್ತಿಗೆದಾರನೂ ಬೆರಗಾಗುವಂಥದ್ದೇನಿಲ್ಲ. ಬೆರಗು ಶುರುವಾಗುವುದು ಕೆಲಸ ಆರಂಭವಾದ ಮೇಲೆ.

ಒಕ್ಕಣೆಯಲ್ಲಿಲ್ಲದ ಹಾರುವ ತಟ್ಟೆಯನ್ನೇ ಹುಡುಕಹೊರಟ ತಂಡದ ಗಮನ ಆಕಾಶದಿಂದ ಯೂಟಾ ರಾಜ್ಯದ ಒಂದು ದನದ ದೊಡ್ಡಿಯತ್ತ ಇಳಿಯಿತು. ಬಿಗೆಲೋ 1996ರಲ್ಲಿ ಕೊಂಡಿದ್ದ ಸ್ಕಿನ್‌ವಾಕರ್ ರ‍್ಯಾಂಚ್ ಅದು. ಅಲ್ಲಿ ನೆರಳಿನಂಥ ಆಕೃತಿಗಳೂ ವಿಚಿತ್ರ ಜೀವಿಗಳೂ ಸುಳಿಯುತ್ತವೆಂಬ ಪ್ರತೀತಿಯನ್ನು ಸರ್ಕಾರದ ದುಡ್ಡಿನಲ್ಲಿ ಪರಿಶೀಲಿಸಲಾಯಿತು. ಹೋಗಿ ಬಂದವರ ಹಿಂದೆ ‘ಏನೋ ಒಂದು’ ಅವರ ಮನೆಯವರೆಗೂ ಬಂದದ್ದೂ ದಾಖಲಾಯಿತು. ನಮ್ಮಲ್ಲಿ ಇದಕ್ಕೆ ಗಾಳಿ ಸೋಕಿತು ಎನ್ನುತ್ತಾರೆ ಮತ್ತು ಒಂದು ನಿಂಬೆಹಣ್ಣಿನ ಖರ್ಚಿನಲ್ಲಿ ಮುಗಿಸುತ್ತಾರೆ. ‘ಅನ್ಯ ಆಯಾಮದ ವಿದ್ಯಮಾನ’ಗಳ ಅಧ್ಯಯನಕ್ಕಾಗಿ ಅತೀಂದ್ರಿಯ ಶಕ್ತಿಯುಳ್ಳವರನ್ನು ನೇಮಿಸಿಕೊಳ್ಳುವ ಯೋಚನೆಯೂ ಗುತ್ತಿಗೆದಾರರಿಗಿತ್ತೆಂದು 2024ರ ಮಾರ್ಚ್‌ನಲ್ಲಿ ಪೆಂಟಗನ್‌ನ ವರದಿಯೇ ತಿಳಿಸಿತು.

ಇದನ್ನು ಹುಚ್ಚೆಂದು ತಳ್ಳಿಹಾಕುವವರು ಅದರ ಹಿಂದಿನ ವ್ಯವಹಾರ ಜ್ಞಾನವನ್ನು ಅರಿತಿಲ್ಲ. ತಟ್ಟೆಯು ಬರಿಯ ಲೋಹದ ಯಂತ್ರವಾಗಿದ್ದರೆ ಒಂದಲ್ಲ ಒಂದು ದಿನ ಅದರ ತುಂಡನ್ನಾದರೂ ತಂದು ಮೇಜಿನ ಮೇಲಿಡಬೇಕಾಗುತ್ತದೆ. ಅದು ಅರ್ಧ ಯಂತ್ರ, ಅರ್ಧ ಚೈತನ್ಯ, ನೋಡುವವನ ಮನಸ್ಸಿಗೆ ತಕ್ಕ ರೂಪ ತಾಳುವಂಥದ್ದು ಎಂದುಬಿಟ್ಟರೆ ತುಂಡು ಕೇಳುವವನೇ ದಡ್ಡನಾಗುತ್ತಾನೆ. ಚಿತ್ರ ಮಸುಕಾಗಿದ್ದರೆ ಕ್ಯಾಮೆರಾವನ್ನು ದೂರಬೇಕಾಗಿಲ್ಲ. ಮಸುಕಾಗಿರುವುದೇ ಆ ವಿದ್ಯಮಾನದ ಸ್ವಭಾವ. ಸಾಬೀತಾಗದ ತಟ್ಟೆಗೆ ಸಾಬೀತಾಗದ ಮನಃಶಕ್ತಿ ಜಾಮೀನು ನಿಲ್ಲುತ್ತದೆ, ಮನಃಶಕ್ತಿಗೆ ತಟ್ಟೆಯೇ ಸಾಕ್ಷಿ ಹೇಳುತ್ತದೆ.

ಈ ನೆಂಟಸ್ತಿಕೆ ಹಳೆಯದು. ಭೌತವಿಜ್ಞಾನಿ ಹೆರಾಲ್ಡ್ ಪುಟಾಫ್ 1972ರಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ, ಸಿಐಎ ನೆರವಿನಿಂದ, ಕುಳಿತಲ್ಲಿಂದಲೇ ದೂರದ್ದನ್ನು ಕಾಣುವ ‘ರಿಮೋಟ್ ವ್ಯೂಯಿಂಗ್’ ಪ್ರಯೋಗಗಳನ್ನು ಆರಂಭಿಸಿದರು. ನಮ್ಮ ಅಂಜನ ಹಾಕುವವರಿಗೆ ಅಂಥ ಅನುದಾನ ಸಿಗಲಿಲ್ಲವೆಂಬುದು ಬೇರೆ ಮಾತು. ಪುಟಾಫ್ ಅವರ ಪ್ರಯೋಗಗಳ ಪ್ರಧಾನ ಪಾತ್ರಧಾರಿ ಇಂಗೋ ಸ್ವಾನ್ 1973ರಲ್ಲಿ ಮನಸ್ಸಿನಲ್ಲೇ ಗುರುಗ್ರಹಕ್ಕೆ ಹೋಗಿ ಅಲ್ಲಿ ಬಳೆಯನ್ನು ಕಂಡರು. 1979ರಲ್ಲಿ ವಾಯೇಜರ್ ನೌಕೆಗೂ ಬಳೆ ಕಂಡಿತು. ಅಭಿಮಾನಿಗಳು ಇಂದಿಗೂ ಇದನ್ನು ನೆನೆದು ಪುಲಕಗೊಳ್ಳುತ್ತಾರೆ, ಆದರೆ ಗಟ್ಟಿ ನೆಲವೇ ಇಲ್ಲದ ಆ ಅನಿಲಗ್ರಹದಲ್ಲಿ ಸ್ವಾನ್ ಪರ್ವತಶ್ರೇಣಿಯನ್ನೂ ಕಂಡಿದ್ದರೆಂಬುದನ್ನು ಮಾತ್ರ ನೆನೆಯುವುದಿಲ್ಲ.

1984ರ ಮೇ 22ರಂದು ಇಂಥದೇ ದಿವ್ಯದೃಷ್ಟಿಯ ಇನ್ನೊಬ್ಬರ ಕೈಗೆ ಮುಚ್ಚಿದ ಲಕೋಟೆಯೊಂದನ್ನು ಕೊಟ್ಟು, ಕೆಲವು ಅಕ್ಷಾಂಶ ರೇಖಾಂಶಗಳನ್ನು ಓದಿ ಹೇಳಿ, ಏನು ಕಾಣುತ್ತದೆಂದು ಕೇಳಲಾಯಿತು. ಪಿರಮಿಡ್ಡುಗಳೂ ತೆಳ್ಳಗಿನ ಎತ್ತರದ ಜನರೂ ಕಂಡರು. ಲಕೋಟೆಯೊಳಗೆ ಇದ್ದದ್ದು ಕ್ರಿಸ್ತಪೂರ್ವ 10 ಲಕ್ಷ ವರ್ಷದ ಮಂಗಳ ಗ್ರಹ! ಸರಿಯೋ ತಪ್ಪೋ ಎಂದು ಹೋಗಿ ನೋಡಿ ಬರುವವರು ಯಾರು? ಅಷ್ಟು ದೂರ, ಅಷ್ಟು ಹಿಂದೆ ಕಾಣಬಲ್ಲ ಈ ದಿವ್ಯದೃಷ್ಟಿಗೆ, ಪೆಂಟಗನ್ ಬಚ್ಚಿಟ್ಟಿದೆಯೆನ್ನಲಾದ ತಟ್ಟೆ ಯಾವ ಊರಿನ ಯಾವ ಗೋದಾಮಿನಲ್ಲಿದೆ ಎಂಬುದು ಕಾಣದಿರುವುದು ವಿಷಾದನೀಯ.

ರಿಮೋಟ್ ವ್ಯೂಯಿಂಗ್‌ಗೆ ಸುಮಾರು 2 ಕೋಟಿ ಡಾಲರ್ ಕರಗಿದ ಮೇಲೆ, ಗುಪ್ತಚರ ಕೆಲಸಕ್ಕೆ ಇದರಿಂದ ಬಿಡಿಗಾಸಿನ ಪ್ರಯೋಜನವಾಗಿಲ್ಲವೆಂದು 1995ರಲ್ಲಿ ಈ ಅಂಗಡಿಯನ್ನು ಮುಚ್ಚಲಾಯಿತು. ಆದರೆ 2008ರ ಗುತ್ತಿಗೆಯಲ್ಲಿ ಸಿದ್ಧವಾದ 38 ತಾಂತ್ರಿಕ ಪ್ರಬಂಧಗಳ ಲೇಖಕರಲ್ಲಿ ಪುಟಾಫ್ ಮತ್ತೆ ಕಾಣಿಸಿಕೊಂಡರು. ಬಾಹ್ಯಾಕಾಶದ ಅಡ್ಡದಾರಿಯೆನ್ನಲಾದ ಹುಳುರಂಧ್ರ, ಅದೃಶ್ಯ ಕವಚ, ಗುರುತ್ವವಿರೋಧ ಎಲ್ಲವೂ ಅವುಗಳಲ್ಲಿದ್ದವು. ಆ ಗುತ್ತಿಗೆಯೂ ನಿಂತಾಗ ಅದರ ಬೆಂಬಲಿಗರು ‘ಕೋನಾ ಬ್ಲೂ’ ಎಂಬ ಹೊಸ ಯೋಜನೆಯನ್ನು ಆಂತರಿಕ ಭದ್ರತಾ ಇಲಾಖೆಯ ಮುಂದಿಟ್ಟರು. ಅನ್ಯಲೋಕದ ನೌಕೆಗಳು ಕೈಸೇರಿದಾಗ ಇಟ್ಟುಕೊಂಡು ಪರೀಕ್ಷಿಸುವ ಏರ್ಪಾಡು ಅದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಲು ಇಲಾಖೆ ಒಪ್ಪಲಿಲ್ಲ.

ಈಗ ಖಾಸಗಿ ರಂಗದ ಸರದಿ. 2025ರ ಜನವರಿಯಲ್ಲಿ ಅಮೆರಿಕದ ಸುದ್ದಿ ವಾಹಿನಿಯೊಂದರಲ್ಲಿ ಮಾಜಿ ಸೈನಿಕರೊಬ್ಬರು, ಮನೋಬಲದಿಂದಲೇ ತಟ್ಟೆಗಳನ್ನು ಕರೆಯಬಲ್ಲವರಿದ್ದಾರೆಂದು ಸಾರಿದರು. ಜೊತೆಗೆ ತೋರಿಸಿದ ಮಸುಕು ವಿಡಿಯೊದಲ್ಲಿ ಮೊಟ್ಟೆಯಾಕಾರದ ವಸ್ತುವೊಂದು ಹಗ್ಗಕ್ಕೆ ನೇತುಬಿದ್ದು ಹೆಲಿಕಾಪ್ಟರಿನಿಂದ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಮನೋಬಲದಿಂದ ಇಳಿಸಬಹುದಾದದ್ದಕ್ಕೆ ಹೆಲಿಕಾಪ್ಟರಿನ ಖರ್ಚು ಏಕೆಂದು ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆದಾರು.