ಆಕಾಶಕ್ಕೊಂದು ಲೈಸೆನ್ಸ್

ಅಜ್ಜನ ಹಳೇ ಟ್ರಂಕು ಕೆದಕುವಾಗ ಒಂದು ಪುಟ್ಟ ಪುಸ್ತಕ ಸಿಕ್ಕಿತು. ರೇಡಿಯೋ ಲೈಸೆನ್ಸ್! ಒಳಗೆ ವರ್ಷಕ್ಕೊಂದು ಸ್ಟಾಂಪು, ಅದರ ಮೇಲೆ ಅಂಚೆ ಕಚೇರಿಯ ಮಸುಕು ಮುದ್ರೆ. ಬಂದೂಕಿಗೆ ಲೈಸೆನ್ಸ್ ಕೇಳಿದರೆ ಸರಿ ಅನ್ನೋಣ. ನಮ್ಮಜ್ಜ ಇಟ್ಟುಕೊಂಡಿದ್ದು ವಾರ್ತೆ, ಕೃಷಿರಂಗ ಕೇಳುವ ಪೆಟ್ಟಿಗೆ. ಒಂದು ವರ್ಷ ದುಡ್ಡು ಕಟ್ಟಲು ಮರೆತಿದ್ದರಂತೆ. ಆ ವರ್ಷವಿಡೀ ಖಾಕಿ ಬಟ್ಟೆಯವರು ಯಾರೇ ಬೀದಿಗೆ ಬರಲಿ, ಅಜ್ಜಿ ಓಡಿಹೋಗಿ ರೇಡಿಯೋಗೆ ಕಂಬಳಿ ಹೊದಿಸುತ್ತಿದ್ದರು. ಬಂದವರು ಪೋಸ್ಟ್‌ಮ್ಯಾನ್ ಆಗಿದ್ದರೂ ಅಷ್ಟೇ.

ಲೈಸೆನ್ಸ್ ಇಲ್ಲದೆ ರೇಡಿಯೋ ಇಟ್ಟುಕೊಳ್ಳಬಾರದು ಎಂದು 1933ರಲ್ಲಿ ಕಾನೂನು ಮಾಡಿದವರು ಬ್ರಿಟಿಷರು. ಅವರಿಗೆ ನಮ್ಮ ಮೇಲೆ ಅನುಮಾನ ಇತ್ತು, ಇರಲೇಬೇಕಿತ್ತು ಬಿಡಿ. ಆದರೆ ಅವರು ಗಂಟುಮೂಟೆ ಕಟ್ಟಿದ ಮೇಲೂ 1980ರ ದಶಕದವರೆಗೆ ಸ್ಟಾಂಪು ಅಂಟುತ್ತಲೇ ಇತ್ತು. ಪ್ರಧಾನಿಯನ್ನು ಆರಿಸಲು ಅಜ್ಜನಿಗೆ ಯಾವ ಲೈಸೆನ್ಸೂ ಬೇಕಿರಲಿಲ್ಲ. ಅವರ ಭಾಷಣ ಕೇಳಲು ಬೇಕಿತ್ತು.

ಹಾರ್ಮೋನಿಯಂ ಕಥೆ ಇನ್ನೂ ಚೆಂದ. 1940ರಲ್ಲಿ ಬ್ರಿಟಿಷರ ಕಾಲದ ರೇಡಿಯೋ ಅದನ್ನು ನಿಷೇಧಿಸಿತು. ಸ್ವರವನ್ನು ತೂಗಿ ಜಾರಿಸುವ ನಮ್ಮ ಸಂಗೀತದ ಗಮಕಕ್ಕೆ ಅದು ಒಗ್ಗಲ್ಲ ಅಂತ. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಹಾರ್ಮೋನಿಯಂ ಮಾತ್ರ ಬರಲಿಲ್ಲ. ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ನಡುವೆ 1952ರ ಹೊತ್ತಿಗೆ ಸಿನಿಮಾ ಹಾಡಿನಿಂದ ಜನ ಕೆಡುತ್ತಾರೆ ಎಂದು ವಾರ್ತಾ ಮತ್ತು ಪ್ರಸಾರ ಮಂತ್ರಿ ಕೇಸ್ಕರ್ ಅವರಿಗೆ ಅನಿಸಿತು. ಹಾಡು ಮಾಯವಾಯಿತು. ಜನ ಸುಮ್ನೆ ಕೂತರಾ? ಕಿವಿ ಹಿಂಡಿ ಲಂಕೆಯ ರೇಡಿಯೋ ಸಿಲೋನಿಗೆ ತಿರುಗಿಸಿದರು. ರೇಡಿಯೋದ ಕಿವಿ, ಮಂತ್ರಿಗಳದ್ದಲ್ಲ. ಐದು ವರ್ಷದ ಮೇಲೆ ಸರ್ಕಾರವೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಿ ಕೆಡಿಸುವ ಕೆಲಸವನ್ನು ತಾನೇ ವಹಿಸಿಕೊಂಡಿತು.

ಇದರ ಬೇರು ಎಲ್ಲಿದೆ ಗೊತ್ತಾ? ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಜಾನ್ ಸ್ಟುವರ್ಟ್ ಮಿಲ್ ಸಾಹೇಬರು 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತಿಂದವರು. ಯಾರ ಬಾಯನ್ನೂ ಮುಚ್ಚಿಸಬಾರದು ಎಂದು 1859ರಲ್ಲಿ ಸೊಗಸಾಗಿ ಬರೆದರು. ಆದರೆ ಸ್ವಾತಂತ್ರ್ಯದ ಈ ತತ್ವ ಮಕ್ಕಳಿಗೂ ಹಿಂದುಳಿದ ಸಮಾಜಗಳಿಗೂ ಅಲ್ಲ ಎಂದು ಅಲ್ಲೇ ಸೇರಿಸಿದರು. ನಮ್ಮ ಗಣರಾಜ್ಯ ಸಾಹೇಬರ ಉಳಿದ ಮಾತೆಲ್ಲ ಅಟ್ಟಕ್ಕೆ ಹಾಕಿ, ಆ ಒಂದು 'ಆದರೆ'ಗೆ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿತು. 1950ರ ಜನವರಿಯಲ್ಲಿ ವಾಕ್ ಸ್ವಾತಂತ್ರ್ಯ ಕೊಟ್ಟರು. 1951ರ ಜೂನ್‌ನಲ್ಲಿ, ಮೊದಲ ತಿದ್ದುಪಡಿಯಲ್ಲೇ, ಅದಕ್ಕೆ ಇನ್ನಷ್ಟು 'ಆದರೆ' ಜೋಡಿಸಿದರು. ಮಗು ನಡೆಯಲು ಕಲಿಯುವಷ್ಟರಲ್ಲಿ ಕಾಲಿಗೆ ಹಗ್ಗ.

ಆಕಾಶವಾಣಿ ಎಂಬ ಹೆಸರಿದೆಯಲ್ಲ, ಅದು ಸರ್ಕಾರದ್ದಲ್ಲ. 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಲ್ಲೇ ನಡೆಸಿದ ರೇಡಿಯೋದ ಹೆಸರು. ದೆಹಲಿ ಅದನ್ನು ಎತ್ತಿಕೊಂಡಿತು. ತರಂಗಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ (ಮತ್ತೆ ಬಂತು ನೋಡಿ) ಅವರು ಸ್ವಂತ ಸುದ್ದಿ ಹೇಳುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಹಾಗೇ ಒಪ್ಪಿಸಬೇಕು. ಟಿವಿಯಲ್ಲಿ 24 ಗಂಟೆ ಕಿರುಚಬಹುದು. ರೇಡಿಯೋದಲ್ಲಿ ಮೆತ್ತಗೆ ಹೇಳಿದರೂ ದೇಶಕ್ಕೆ ಅಪಾಯ.

ಹವಾಮಾನ, ಟ್ರಾಫಿಕ್ ಹೇಳಲು ಅಡ್ಡಿಯಿಲ್ಲವಂತೆ. ಮೊನ್ನೆ ಆಟೋದಲ್ಲಿ ಹೋಗುವಾಗ ಎಫ್‌ಎಂ ಹುಡುಗಿ ಉಲಿದಳು: "ಫ್ರೀಡಂ ಪಾರ್ಕ್ ಕಡೆ ಹೋಗ್ಬೇಡಿ ಫ್ರೆಂಡ್ಸ್, ಫುಲ್ ಜಾಮ್!" ಯಾಕೆ ಜಾಮ್ ಅಂತ ಹೇಳಲಿಲ್ಲ. ಹಾಡು ಹಾಕಿದಳು.

"ಏನಣ್ಣಾ ಅಲ್ಲಿ?" ಎಂದೆ.

"ಏನೋ ಪ್ರತಿಭಟನೆ ಸಾರ್. ಊರಲ್ಲಿ ಬೇರೆಲ್ಲೂ ಕೂರಂಗಿಲ್ವಲ್ಲ, ಪರ್ಮಿಷನ್ ತಗೊಂಡು ಅಲ್ಲೇ ಕೂರ್ಬೇಕು" ಎಂದ ಡ್ರೈವರ್. ಗೇರು ಬದಲಿಸಿ ಸೇರಿಸಿದ: "ಮೊದ್ಲು ಅದು ಸೆಂಟ್ರಲ್ ಜೈಲ್ ಅಲ್ವಾ ಸಾರ್."