ಕ್ಯಾಪ್ಟನ್‌ನ ಕುದುರೆ, ದೊಡ್ಡಪ್ಪನ ಸೈಕಲ್

ನಮ್ಮ ಕಡೆ ರೇಸ್ ಎಂದರೆ ಜೂಜು, ಮನೆ ಮುಳುಗಿಸುವ ಚಟ. ನಾನೂ ಆ ಮಾತು ಕೇಳಿಯೇ ಬೆಳೆದವನು. ಲಂಡನ್ನಿನ ಪಕ್ಕದ ಸರ್ರೆಗೆ ಬಂದು ನೆಲೆಸಿದ ಮೇಲೂ ಅಲ್ಲಿನ ರೇಸ್ ಮೈದಾನ ಸ್ಯಾಂಡೌನ್ ಪಾರ್ಕಿನ ಕಡೆ ಬಹುಕಾಲ ತಲೆ ಹಾಕಿರಲಿಲ್ಲ. ಸಹೋದ್ಯೋಗಿಯ ಒತ್ತಾಯಕ್ಕೆ ಹೋದ ದಿನ ಅಲ್ಲಿ ಸೈನಿಕರ ಕುದುರೆ ಓಟವಿತ್ತು. ಸವಾರರೆಲ್ಲ ಸೇನೆಯಲ್ಲಿ ಇರುವವರು, ಇಲ್ಲವೇ ಇದ್ದವರು. ಸವಾರಿಗೆ ಸಂಬಳವಿಲ್ಲ. ಆದರೆ ಮೂರು ಮೈಲಿ ಉದ್ದಕ್ಕೂ ದಾಟಬೇಕಾದ ಬೇಲಿಗಳು ವೃತ್ತಿಪರ ಜಾಕಿಗಳು ದಾಟುವ ಬೇಲಿಗಳೇ. ರೈಲು ಹಳಿಯ ಪಕ್ಕದಲ್ಲಿ ಮೂರು ಬೇಲಿಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದರಲ್ಲಿ ಲಯ ತಪ್ಪಿದರೆ ಮುಂದಿನ ಎರಡರಲ್ಲಿ ಸರಿಪಡಿಸಿಕೊಳ್ಳಲು ಹೊತ್ತೇ ಇಲ್ಲ.

ಕ್ಯಾಪ್ಟನ್ ಗೈ ಡಿಸ್ನಿಯ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಬ್ರಿಟಿಷ್ ಸೇನೆಯ ಲೈಟ್ ಡ್ರಗೂನ್ಸ್ ರೆಜಿಮೆಂಟಿನ ಅಧಿಕಾರಿ. 2009ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಅವರಿದ್ದ ವಾಹನಕ್ಕೆ ರಾಕೆಟ್ ಗ್ರೆನೇಡ್ ಬಡಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕುದುರೆ ಜಿಗಿದು ನೆಲಕ್ಕಿಳಿಯುವಾಗ ಸವಾರನ ಭಾರವನ್ನೆಲ್ಲ ತಾಳಿಕೊಳ್ಳುವುದು ರಿಕಾಪಿನಲ್ಲಿರುವ ಪಾದ ಮತ್ತು ಕಾಲಿನ ಹರಡು. ಅದೇ ಇಲ್ಲದವನು ಮತ್ತೆ ಜೀನು ಏರುತ್ತೇನೆಂದರೆ ಯಾರು ಒಪ್ಪುತ್ತಾರೆ? ಓಟಕ್ಕೆ ಮರಳಲು ಅವರಿಗೆ ವರ್ಷಗಳೇ ಹಿಡಿದವು. 2017ರ ಫೆಬ್ರುವರಿಯಲ್ಲಿ ಇದೇ ಸ್ಯಾಂಡೌನ್‌ನಲ್ಲಿ, ರಾತ್ಲಿನ್ ರೋಸ್ ಎಂಬ ಕುದುರೆಯ ಮೇಲೆ ಸೈನಿಕರ ಓಟವಾದ ರಾಯಲ್ ಆರ್ಟಿಲರಿ ಗೋಲ್ಡ್ ಕಪ್ ಗೆದ್ದರು. ಕೃತಕ ಕಾಲಿನ ಸವಾರನೊಬ್ಬ ಬ್ರಿಟನ್ನಿನ ವೃತ್ತಿಪರ ಮೈದಾನದಲ್ಲಿ ಗೆದ್ದದ್ದು ಅದೇ ಮೊದಲು.

ಸೈನಿಕರ ಈ ಹವ್ಯಾಸಿ ಸವಾರಿಗೆ ಇಲ್ಲಿ ಹಳೆಯ ಬೇರುಗಳಿವೆ. 1935 ಮತ್ತು 1936ರಲ್ಲಿ ರೆನಾಲ್ಡ್ಸ್‌ಟೌನ್ ಎಂಬ ಒಂದೇ ಕುದುರೆ ಬ್ರಿಟನ್ನಿನ ಹೆಸರಾಂತ ಬೇಲಿ ಜಿಗಿತದ ಓಟವಾದ ಗ್ರ್ಯಾಂಡ್ ನ್ಯಾಷನಲ್ ಗೆದ್ದಾಗ, ಅದನ್ನೇರಿದ್ದ ಫ್ರಾಂಕ್ ಫರ್ಲಾಂಗ್ ಮತ್ತು ಫುಲ್ಕ್ ವಾಲ್ವಿನ್ ಒಂದೇ ರೆಜಿಮೆಂಟಿನ ಗೆಳೆಯರು, ಇಬ್ಬರೂ ಹವ್ಯಾಸಿಗಳು.

ಹವ್ಯಾಸಿ ಎಂಬ ಪದಕ್ಕೆ ನಮ್ಮಲ್ಲೂ ಗೌರವವಿದೆ. ಹಗಲು ಬ್ಯಾಂಕಿನಲ್ಲಿ ಲೆಕ್ಕ ಬರೆದು ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ನಾವು ಕಡಿಮೆಯಾಗಿ ಕಾಣುವುದಿಲ್ಲ. ಆದರೆ ದೇಹಕ್ಕೆ ಪೆಟ್ಟಾದ ಮೇಲೆ ಆ ಗೌರವ ಕನಿಕರವಾಗಿಬಿಡುತ್ತದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ದೇಶಕ್ಕೆ ಚಿನ್ನ ತಂದರು. ಅರ್ಜುನ ಪ್ರಶಸ್ತಿ ಅವರ ಕೈಸೇರಿದ್ದು 2025ರಲ್ಲಿ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ದೊಡ್ಡಪ್ಪನೂ ಸೇನೆಯಲ್ಲಿದ್ದವರು. ಪಾದ ಕಳೆದುಕೊಂಡು ಊರಿಗೆ ಮರಳಿದಾಗ ಅವರಿಗೆ ಮೂವತ್ತೆರಡು. ದಿನಕ್ಕೆ ಇಪ್ಪತ್ತು ಮೈಲಿ ಸೈಕಲ್ ತುಳಿಯುತ್ತಿದ್ದ ಮನುಷ್ಯ. ಬಿದ್ದಾರು ಎಂಬ ಅಂಜಿಕೆಯಿಂದ, ಬರಿಯ ಪ್ರೀತಿಯಿಂದ, ಮನೆಯವರು ಆ ಸೈಕಲ್ ಮಾರಿದರು. ಅವರನ್ನು ಒಂದು ಮಾತು ಕೇಳಲಿಲ್ಲ. ಇಲ್ಲಿ ಡಿಸ್ನಿಯನ್ನೂ ತಡೆದವರಿದ್ದಿರಬೇಕು. ಆದರೆ ಅವರ ಕುದುರೆಯನ್ನು ಯಾರೂ ಮಾರಲಿಲ್ಲ.

ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ ಡಿಸ್ನಿ ಗೆದ್ದ ಆ ಓಟವನ್ನು ಮೊಬೈಲಿನಲ್ಲಿ ತೋರಿಸಿದೆ. ಕೊನೆಯ ಬೇಲಿ ದಾಟುವವರೆಗೂ ಅವರು ಮಾತನಾಡಲಿಲ್ಲ.

"ಯಾವ ಕಾಲು?" ಎಂದರು.

"ಬಲಗಾಲು, ದೊಡ್ಡಪ್ಪ."

"ನನ್ನದೂ ಅದೇ," ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಹಾಕು," ಎಂದರು.