ಎಲ್ಲಾ "ಅಲ್ಲಿಗೆ ಹೋದ್ಮೇಲೆ" ಅಂದ್ರೆ ಇಲ್ಲಿ ದುಡ್ಡು ಯಾಕ್ರೀ ಈಸ್ಕೊಂಡ್ರಿ?

ನಾವು ಬುಕ್ ಮಾಡಿರೋ ಟೂರ್ ಕಂಪನಿಯವರು ಟೀ ಶರ್ಟ್ ಸೈಜ್ ಕೇಳಿದ್ರು. ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಿದ್ರು. ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು ಬೇಕಾ ಅಂತಲೂ ಕೇಳಿದ್ರು. ಆದರೆ ಕಾಲಿಗೆ ಸ್ಕೀ ಅನ್ನೋ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರೋ ಸ್ಕೀಯಿಂಗ್ ಕಲಿಸ್ತೀವಿ ಅಂತ ಮುಂಗಡ ಈಸ್ಕೊಂಡವರು ನಮ್ಮ ಪಾದದ ಅಳತೆ, ಎತ್ತರ, ತೂಕ ಇವತ್ತಿನವರೆಗೂ ಕೇಳಿಲ್ಲ. ನಾನಾಗೇ ಫೋನ್ ಮಾಡಿ ಕೇಳಿದ್ರೆ "ಅದೆಲ್ಲ ಅಲ್ಲಿಗೆ ಹೋದ್ಮೇಲೆ ನೋಡ್ಕೊಳ್ಳೋಣ ಮೇಡಂ" ಅಂತಾರೆ. ಏನು ಕೇಳಿದ್ರೂ ಇದೊಂದೇ ಉತ್ತರ. ಮೈ ಉರಿದುಹೋಗಿದೆ ನನಗೆ.

ತುಮಕೂರಿನವರು ನಾವು, ಹಿಮದ ಮೇಲೆ ಒಂದು ಹೆಜ್ಜೆ ಇಟ್ಟವರಲ್ಲ. ನಾನು, ನನ್ನ ತಂಗಿ ಇಬ್ಬರೂ ಸಂಬಳದಲ್ಲಿ ಉಳಿಸಿ ಉಳಿಸಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದೀವಿ. ಗೊತ್ತಿಲ್ಲದವರಿಗೆ ತಾನೇ ಮೊದಲೇ ಹೇಳಬೇಕಾಗಿರೋದು? ಗೊತ್ತಿದ್ದವರು ಇವರ ಹತ್ರ ಯಾಕೆ ಬರ್ತಾರೆ?

ಬೂಟಿನ ವಿಷಯ ನೋಡಿ. ಸ್ಕೀ ಬೂಟಿಗೆ ನಮ್ಮ ಚಪ್ಪಲಿ ಅಂಗಡಿಯ ನಂಬರ್ ನಡೆಯಲ್ಲ, ಪಾದದ ಉದ್ದ ಸೆಂಟಿಮೀಟರಲ್ಲಿ ಹೇಳಬೇಕು. ಗಟ್ಟಿ ಪ್ಲಾಸ್ಟಿಕ್ಕಿನದು ಅದು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ಸೋಕಬೇಕು, ಮಂಡಿ ಬಾಗಿಸಿದಾಗ ಸ್ವಲ್ಪ ಹಿಂದೆ ಸರೀಬೇಕು, ಹಿಮ್ಮಡಿ ಮೇಲೇಳಬಾರದು. ದೊಗಳೆ ಆದ್ರೆ ಕಾಲು ತಿರುಗಿದ ಕಡೆ ಸ್ಕೀ ತಿರುಗಲ್ಲ. ನನ್ನ ತಂಗಿ ಪಾದ ತೀರಾ ಚಿಕ್ಕದು. ಅವಳ ಅಳತೆಯ ಬೂಟು ಬಾಡಿಗೆಗೆ ಸಿಗದಿದ್ರೆ? ದೊಡ್ಡದು ಹಾಕ್ಕೊಂಡು ಜಾರು ಅಂತಾರಾ?

ಇವರು ಕಳಿಸಿದ ಪಟ್ಟಿಯಲ್ಲಿ "ಕಾಲುಚೀಲ ಎರಡು ಜೊತೆ, ಒಂದರ ಮೇಲೊಂದು" ಅಂತ ಬರೆದಿದೆ. ಬರೆದವರು ಒಂದು ಸಲವಾದ್ರೂ ಆ ಬೂಟು ಹಾಕಿದ್ದಾರಾ? ಎರಡು ಹಾಕಿದ್ರೆ ಒಳಗೆ ಮಡಿಕೆ ಬಿದ್ದು ಗುಳ್ಳೆ ಏಳುತ್ತೆ, ಒತ್ತಿ ಹಿಡಿದು ರಕ್ತ ಸರಿಯಾಗಿ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತೆ. ಮಂಡಿವರೆಗೆ ಬರೋ ತೆಳ್ಳನೆಯ ಉಣ್ಣೆಯದು ಒಂದೇ ಜೊತೆ ಸಾಕು. ಮನಾಲಿಯಲ್ಲಿ ಸ್ಕೀಯಿಂಗ್ ಕಲಿತು ಬಂದ ಪರಿಚಯದ ಹುಡುಗಿ ಹೇಳಿಕೊಟ್ಟಳು ಇದನ್ನೆಲ್ಲ, ಒಂದು ರೂಪಾಯಿ ತಗೊಳ್ಳದೆ.

ಅದೇ ಪಟ್ಟಿಯಲ್ಲಿ ಜೀನ್ಸು, ಸ್ವೆಟರ್ರು, ಮಂಕಿ ಕ್ಯಾಪು. ಹೊಸಬರು ಇಡೀ ದಿನ ಹಿಮದಲ್ಲಿ ಬಿದ್ದು ಏಳೋರು. ಹತ್ತಿ ಬಟ್ಟೆ ನೆಂದ್ರೆ ಬೇಗ ಒಣಗಲ್ಲ, ಮೈ ಶಾಖ ಎಲ್ಲಾ ಎಳ್ಕೊಂಡುಬಿಡುತ್ತೆ. ಒಳಗೆ ಥರ್ಮಲ್, ಮೇಲೆ ಬೆಚ್ಚನೆಯ ಫ್ಲೀಸು ಜಾಕೆಟ್ಟು, ಅದರ ಮೇಲೆ ನೀರು ಇಳಿಯದ ಜಾಕೆಟ್ಟು ಪ್ಯಾಂಟು, ನೀರು ತಡೆಯೋ ಗ್ಲೌಸು ಬೇಕು. ಹೆಲ್ಮೆಟ್ ಬಗ್ಗೆ ಒಂದಕ್ಷರ ಇಲ್ಲ. ಗಾಗಲ್ಸ್ ಇಲ್ಲ, ಸನ್‌ಸ್ಕ್ರೀನ್ ಇಲ್ಲ, ಕೋಲ್ಡ್ ಕ್ರೀಮ್ ಮಾತ್ರ ಇದೆ. ಹೊಸದಾಗಿ ಬಿದ್ದ ಹಿಮ ನೇರಳಾತೀತ ಕಿರಣಗಳನ್ನ ಶೇ. 80ರವರೆಗೂ ತಿರುಗಿ ಮುಖಕ್ಕೆ ಹೊಡೆಯುತ್ತೆ ಕಣ್ರೀ, ಕಣ್ಣಿನ ಗತಿ ಏನು?

ತೂಕ ಯಾಕೆ ಬೇಕು ಮೇಡಂ ಅಂತ ನಕ್ಕ ಆ ಮನುಷ್ಯ. ಬೂಟನ್ನ ಸ್ಕೀಗೆ ಕಚ್ಚಿಸೋ ಬೈಂಡಿಂಗ್ ಇದೆಯಲ್ಲ, ಅದು ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳಬೇಕು ಅನ್ನೋದನ್ನ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಕಲಿಕೆಯ ಮಟ್ಟ ನೋಡಿ ಹೊಂದಿಸ್ತಾರೆ. ತೀರಾ ಬಿಗಿಯಾದ್ರೆ ಬಿದ್ದಾಗ ಸ್ಕೀ ಕಳಚಿಕೊಳ್ಳಲ್ಲ, ಮಂಡಿ ತಿರುಚಿ ಲಿಗಮೆಂಟ್ ಹರಿಯುತ್ತೆ. ಸಡಿಲ ಆದ್ರೆ ಜಾರ್ತಾ ಇರುವಾಗಲೇ ಕಳಚುತ್ತೆ. ನಗೋ ವಿಷಯವಾ ಇದು? ಪ್ಯಾಕೇಜಿನಲ್ಲಿ ಇನ್ಶೂರೆನ್ಸ್ ಸೇರಿದೆ ಅಂದ್ರು, ಅದು ಸ್ಕೀಯಿಂಗ್ ಗಾಯಕ್ಕೆ ಅನ್ವಯಿಸುತ್ತಾ ಅಂದ್ರೆ ಫೋನ್ ಇಟ್ಟರು.

ಕಲಿಸೋದಾದ್ರೂ ಎಷ್ಟು ಹೊತ್ತು? ಬಲವಂತ ಮಾಡಿ ಕೇಳಿದ ಮೇಲೆ ಬಾಯಿ ಬಿಟ್ಟರು, ಒಂದು ಗಂಟೆಯಂತೆ. ಬೂಟು ಹಾಕಿ, ಬಿದ್ದು ಏಳೋದು ಕಲಿತು, ಸ್ಕೀಯ ಮುಂದಿನ ತುದಿ ಹತ್ತಿರ ತಂದು ಹಿಂದೆ ಅಗಲಿಸಿ ನಿಲ್ಲೋದು ಕಲಿಯೋ ಹೊತ್ತಿಗೆ ಆ ಗಂಟೆ ಮುಗಿದಿರುತ್ತೆ. ಉತ್ತರಾಖಂಡದ ಔಲಿಯಲ್ಲಿ ಅಲ್ಲಿನ ಸರ್ಕಾರದ ಗಢವಾಲ್ ಮಂಡಲ ವಿಕಾಸ ನಿಗಮದವರು 7 ದಿನ, 14 ದಿನದ ಕೋರ್ಸ್ ನಡೆಸಿದ್ದಾರೆ. ಗುಲ್ಮಾರ್ಗ್‌ನಲ್ಲೇ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಸಂಸ್ಥೆ ಇದೆ. ಇದ್ಯಾವುದನ್ನೂ ಹೇಳದೆ ಗೊಂಡೋಲಾ ಅನ್ನೋ ಅಲ್ಲಿನ ಕೇಬಲ್ ಕಾರಿನ ಎರಡನೇ ಹಂತದ ಟಿಕೆಟ್ ಸೇರಿಸಿ ಬಿಲ್ ಉಬ್ಬಿಸಿದ್ದಾರೆ. ಅದು ಹೋಗೋದು 3,900 ಮೀಟರ್ ಮೀರಿದ ಅಫರ್ವತ್‌ಗೆ. ನಮ್ಮ ನಂದಿ ಬೆಟ್ಟ 1,478 ಮೀಟರ್. ಅಷ್ಟು ಎತ್ತರದ ಕಡಿದಾದ ಇಳಿಜಾರಲ್ಲಿ ನಿಲ್ಲೋಕೂ ಬಾರದ ನಾವು ಏನು ಕಲಿಯೋದು? ಕಲಿಯೋ ಜಾಗ ಕೆಳಗಿನ ಬಯಲಲ್ಲಿದೆ.

ಇನ್ನು ಹಿಮವೇ ಬೀಳದಿದ್ರೆ? 2024ರ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಮುಂದಕ್ಕೆ ಹಾಕಿದ್ರು. ಹಾಗಾದ್ರೆ ದುಡ್ಡು ವಾಪಸ್ ಕೊಡ್ತೀರಾ ಅಂದೆ. "ನೆಗೆಟಿವ್ ಯಾಕೆ ಯೋಚಿಸ್ತೀರಾ ಮೇಡಂ, ಅಲ್ಲಿಗೆ ಹೋದ್ಮೇಲೆ ನೋಡೋಣ." ಅಲ್ಲಿಗೆ ಹೋದ್ಮೇಲೆ ನಿಮ್ಮ ಕೈಗೆ ಪೂರ್ತಿ ಹಣ ಬಂದಿರುತ್ತಲ್ಲ, ಆಮೇಲೆ ಯಾರನ್ನ ಕೇಳೋದು ನಾವು?

ನನ್ನ ತಂಗಿ ದಿನಾ ಬೆಳಗ್ಗೆ ಎದ್ದು ಸಿದ್ಧಗಂಗೆ ಬೆಟ್ಟ ಹತ್ತಿ ಇಳೀತಾಳೆ, ರಾತ್ರಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂತು ತೊಡೆ ಗಟ್ಟಿ ಮಾಡ್ಕೊಳ್ತಾಳೆ. ಅಷ್ಟು ಆಸೆ ಅವಳಿಗೆ. ಅದನ್ನ ನೋಡಿದಾಗಲೇ ನನಗೆ ಇವರ ಮೇಲೆ ಇನ್ನೂ ಸಿಟ್ಟು ಬರೋದು.

ಬೂಟು, ಕಲಿಸೋರು ಯಾರು, ಎಷ್ಟು ಗಂಟೆ, ಇನ್ಶೂರೆನ್ಸ್, ಹಿಮ ಇಲ್ಲದಿದ್ರೆ ಹಣ ವಾಪಸ್, ಎಲ್ಲಾ ಬರೆದು ವಾಟ್ಸಾಪಲ್ಲಿ ಕಳಿಸಿದೀನಿ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಬರವಣಿಗೆಯಲ್ಲಿ ಉತ್ತರ ಕೊಡೋವರೆಗೂ ಬಾಕಿ ಹಣ ಕಟ್ಟಲ್ಲ. ಸೋಮವಾರ ಅವರ ಆಫೀಸಿಗೆ ಹೋಗಿ ಮುಂಗಡ ವಾಪಸ್ ಕೇಳ್ತೀನಿ. ಕೊಡದಿದ್ರೆ ಜಿಲ್ಲಾ ಗ್ರಾಹಕರ ಆಯೋಗ ತುಮಕೂರಲ್ಲೇ ಇದೆ, ದೂರು ಬರೆದು ಇಟ್ಕೊಂಡಿದೀನಿ.